ಯಾವೂರ್ರೀ ನಿಮ್ಮದು?

ಶಿಗ್ಗಾಂವದಲ್ಲಿ ಹೋಟೆಲು ಹುಡುಕುವ ಪ್ರಸಂಗವೇ ಬರುವುದಿಲ್ಲ. ಯಾರ ಇಡ್ಲಿ ಎಷ್ಟು ಹೊತ್ತಿನ ತನಕ ಬಿಸಿ ಇರುತ್ತದೆ, ಯಾರ ಚಹಾದಲ್ಲಿ ಸಕ್ಕರೆ ಮುಂದು, ಯಾರ ಮಿರ್ಚಿ ಸಂತೆಯ ದಿನ ಮಾತ್ರ ರುಚಿ, ಯಾರು ಮೊನ್ನಿನ ಎಣ್ಣೆಯನ್ನೇ ಮತ್ತೆ ಕಾಯಿಸುತ್ತಾರೆ ಎಂಬುದೆಲ್ಲ ಊರಮಂದಿಗೆ ಮೈಗೂಡಿದ ತಿಳಿವಳಿಕೆ. ವಿಮರ್ಶೆಯೂ ಅಲ್ಲಿ ಧಾರಾಳವಾಗಿದೆ, ಆದರೆ ಅದನ್ನು ಯಾರೂ ಬರೆಯುವುದಿಲ್ಲ. ಅದನ್ನು ಕೇಳಬೇಕೆಂದರೆ ಸಂಜೆ ಗಿರಮಿಟ್ಟಿನ ಬಂಡಿಯ ಮುಂದೆ ನಿಲ್ಲಬೇಕು.

ಹುಣಸೆಹುಳಿ, ಉಳ್ಳಾಗಡ್ಡಿ, ಟೊಮೆಟೊ, ಅರಿಷಿಣ ಹಾಕಿ ಕುದಿಸಿಟ್ಟ ಗೊಜ್ಜನ್ನು ಬಂಡಿಯವನು ಅಗಲವಾದ ಬೋಗುಣಿಯಲ್ಲಿನ ಚುರಮರಿಯ ಮೇಲೆ ಸುರಿಯುತ್ತಾನೆ. ಮೇಲೊಂದು ಹಿಡಿ ಪುಟಾಣಿ ಹಿಟ್ಟು. ಆಮೇಲೆ ಕೈಯಾಡಿಸುವ ಕೆಲಸ. ಕಸಬು ಇರುವುದೇ ಅದರಲ್ಲಿ. ತಡಮಾಡಿದರೆ ಚುರಮರಿ ಮೆತ್ತಗಾಗುತ್ತದೆ, ಅವಸರ ಮಾಡಿದರೆ ಅರ್ಧ ಹಳದಿ ಅರ್ಧ ಬಿಳಿ. ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಉದುರಿಸಿ, ಕಾಗದದ ಮೇಲೆ ಹಾಕಿ, ಬದಿಗೆ ಬಿಸಿ ಮಿರ್ಚಿ ಇಟ್ಟು ಕೈಗೆ ಕೊಡುತ್ತಾನೆ. ಮೊದಲ ತುತ್ತಿಗೇ ಗಿರಾಕಿ, “ಇವತ್ತ ಹುಳಿ ಮುಂದಾಗೇತಲೋ” ಅನ್ನುತ್ತಾನೆ. “ಹೊಸಾ ಹುಣಸೀಹಣ್ಣರೀ ಕಾಕಾ, ಅದಕ್ಕ” ಎನ್ನುತ್ತ ಬಂಡಿಯವನು ಇನ್ನೊಂದು ಚಮಚ ಪುಟಾಣಿ ಹಿಟ್ಟು ಉದುರಿಸುತ್ತಾನೆ. ದೂರು, ಸಮಜಾಯಿಷಿ, ಪರಿಹಾರ ಎಲ್ಲವೂ ಗಿರಮಿಟ್ಟು ಮೆತ್ತಗಾಗುವುದರೊಳಗೆ ಮುಗಿಯುತ್ತವೆ. ಹೇಳಿದವನು ನಾಳೆ ಅದೇ ಬಂಡಿಗೆ ಬರಬೇಕು, ಕೇಳಿಸಿಕೊಂಡವನೂ ನಾಳೆ ಅಲ್ಲೇ ನಿಲ್ಲಬೇಕು. ಹೀಗಾಗಿ ಮಾತು ಎಷ್ಟು ಹರಿತವಾಗಿದ್ದರೂ ಅಳತೆ ಮೀರುವುದಿಲ್ಲ.

ಬೆಂಗಳೂರಿನಲ್ಲಿ ಈ ನಾಳೆ ಎಂಬುದೇ ಇಲ್ಲ. ಅಲ್ಲಿರುವ ನನ್ನ ಮಗನ ಮನೆಗೆ ಹೋದಾಗಲೆಲ್ಲ ರಾತ್ರಿ ಎಂಟರ ಸುಮಾರಿಗೆ ಒಂದು ಸಭೆ ಸೇರುತ್ತದೆ. ಮಗ, ಸೊಸೆ ಸೋಫಾದ ಎರಡು ತುದಿಗೆ ಫೋನು ಹಿಡಿದು ಕೂಡುತ್ತಾರೆ. “ಇದು ನಾಕ್ ಪಾಯಿಂಟ್ ಮೂರು ಐತಿ ನೋಡು.” “ಅದರ ಕೆಳಗ ಓದು, ಹೊಟ್ಟಿ ಕೆಡ್ತು ಅಂತ ಒಬ್ಬಾಂವ ಬರದಾನ.” “ಅಂವಾ ಎಲ್ಲಾದಕ್ಕೂ ಹಂಗ ಬರೀತಾನ.” ನನ್ನ ಅಭಿಪ್ರಾಯವನ್ನೂ ಕೇಳುತ್ತಾರೆ: “ಮಾವಾರ, ನಿಮಗ ಏನ್ ಬೇಕ್ರಿ?” ಊಟ ಬೇಕು ಎಂದರೆ ಅದು ಉತ್ತರವಲ್ಲ. ಯಾವ ಪ್ರಾಂತದ್ದು, ಎಷ್ಟು ದೂರದ್ದು, ಎಷ್ಟು ನಕ್ಷತ್ರದ್ದು ಎಂದೆಲ್ಲ ಹೇಳಬೇಕು. ಸಭೆ ಮುಗಿಯುವಷ್ಟರಲ್ಲಿ ಹಸಿವು ಏರಿ ಇಳಿದು, ಮನೆಯಲ್ಲಿದ್ದ ಅನ್ನಕ್ಕೇ ಮೊಸರು ಕಲಸಿಕೊಂಡು ಉಂಡು ಮಲಗಿದ ರಾತ್ರಿಗಳೂ ಇವೆ.

ಆ ರಿವ್ಯೂಗಳನ್ನು ನಾನೂ ಕನ್ನಡಕ ಏರಿಸಿ ಓದುತ್ತೇನೆ. ಹೊತ್ತು ಹೋಗುವುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಹಿತ್ಯವಿಲ್ಲ. ಕಾರು ನಿಲ್ಲಿಸಲು ಜಾಗ ಸಿಗಲಿಲ್ಲವೆಂದು ಒಬ್ಬ ಒಂದೇ ನಕ್ಷತ್ರ ಕೊಟ್ಟಿರುತ್ತಾನೆ. ಮಸಾಲೆ ದೋಸೆ ಏನು ಪಾಪ ಮಾಡಿತ್ತು? ಮಳೆಯಲ್ಲಿ ತೋಯಿಸಿಕೊಂಡು ಪೊಟ್ಟಣ ತಂದ ಹುಡುಗ ತಡಮಾಡಿದ ಎಂದು ಬಿರಿಯಾನಿಗೆ ಶಿಕ್ಷೆ. ಇನ್ನೊಬ್ಬರು ಐದಕ್ಕೆ ಐದು ಕೊಟ್ಟು, ‘ಇನ್ನೂ ತಿಂದಿಲ್ಲ, ವಾಸನೆ ಚೆನ್ನಾಗಿದೆ’ ಎಂದು ಬರೆದಿರುತ್ತಾರೆ. ಈ ಕೊನೆಯವರ ಮೇಲೆ ನನಗೆ ಗೌರವವಿದೆ, ತಮಗೆ ಗೊತ್ತಿದ್ದಷ್ಟನ್ನೇ ಹೇಳಿದ್ದಾರೆ.

ಹೋಟೆಲಿನ ನಕ್ಷತ್ರಕ್ಕೆ ಜಗತ್ತಿನಲ್ಲಿ ಮಾನ ತಂದುಕೊಟ್ಟವರು ಅಡುಗೆಯವರೂ ಅಲ್ಲ, ಊಟಗಾರರೂ ಅಲ್ಲ. ಫ್ರಾನ್ಸಿನ ಟೈರ್ ಮಾರುವವರು. ಕಾರುಗಳು ಬೆರಳೆಣಿಕೆಯಷ್ಟಿದ್ದ 1900ರಲ್ಲಿ ಮಿಶೆಲಿನ್ ಅಣ್ಣತಮ್ಮಂದಿರು ಕಾರಿನವರಿಗೆಂದು ಪುಕ್ಕಟೆ ಪುಸ್ತಕವೊಂದನ್ನು ಹಂಚಿದರು. ಮಂದಿ ಹೆಚ್ಚು ತಿರುಗಾಡಲಿ, ಟೈರ್ ಹೆಚ್ಚು ಸವೆಯಲಿ ಎಂಬ ಲೆಕ್ಕ. 1926ರಲ್ಲಿ ಒಳ್ಳೆಯ ಊಟದ ಜಾಗಗಳಿಗೆ ನಕ್ಷತ್ರ ಹಚ್ಚಲು ಶುರುಮಾಡಿದರು, 1931ರ ಹೊತ್ತಿಗೆ ಅದು ಒಂದು, ಎರಡು, ಮೂರು ಎಂದು ಬೆಳೆಯಿತು. ಅವರ ಪರೀಕ್ಷಕರು ಹೆಸರು ಹೇಳದೆ ಹೋಗಿ, ಉಂಡು, ಬಿಲ್ಲು ಕೊಟ್ಟು ಎದ್ದು ಬರುತ್ತಾರಂತೆ. ಇದನ್ನು ಓದಿದಾಗ ನನಗೆ ಭಾರೀ ಬೆರಗೇನೂ ಆಗಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ನಮ್ಮೂರ ಮಗ್ಗುಲಲ್ಲೇ ಹಾದುಹೋಗುತ್ತದೆ; ಲಾರಿ ಸಾಲುಗಟ್ಟಿ ನಿಂತಲ್ಲಿ ಊಟ ಚಲೋ ಎಂದು ನಮ್ಮಲ್ಲಿ ಸಣ್ಣ ಹುಡುಗನೂ ಹೇಳುತ್ತಾನೆ. ಟೈರಿಗೂ ಊಟಕ್ಕೂ ಇರುವ ನಂಟು ನಮಗೂ ಗೊತ್ತಿತ್ತು, ಪುಸ್ತಕ ಅಚ್ಚು ಹಾಕಿಸಲಿಲ್ಲ ಅಷ್ಟೆ.

ಬೆಂಗಳೂರಿನ ಹಳೆಯ ಹೋಟೆಲುಗಳಿಗೆ ಈ ನಕ್ಷತ್ರಗಳ ಹಂಗಿರಲಿಲ್ಲ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು ಹುಡುಗರಿಗೆ ಕಾಫಿ ತಿಂಡಿ ಕೊಡುವ ಸಣ್ಣ ಜಾಗವಾಗಿ. ಇವತ್ತಿಗೂ ಅಲ್ಲಿ ರಜಾದಿನ ಬೆಳಿಗ್ಗೆ ಹೆಸರು ಬರೆಸಿ ಹೊರಗೆ ನಿಲ್ಲಬೇಕು. ನಿಂತದ್ದು ದೋಸೆಗೋ, ಆ ಮಾಣಿಯನ್ನು ನೋಡಲಿಕ್ಕೋ ಎಂದು ನನಗೆ ಪ್ರತಿಸಲ ಅನುಮಾನ. ಬಿಳಿ ಪಂಚೆ ಉಟ್ಟ ಮಾಣಿ ಮುಂಗೈಯಿಂದ ಭುಜದವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು, ಇಕ್ಕಟ್ಟಾದ ಟೇಬಲ್ಲುಗಳ ನಡುವೆ ಸೊಂಟ ತಿರುಗಿಸಿ ಬರುತ್ತಾನೆ. ಮೇಲಿನ ತಟ್ಟೆಯಿಂದ ಹಂಚುತ್ತ ಹಂಚುತ್ತ ಕೈ ಖಾಲಿಯಾಗುವಾಗ ಕೊನೆಯ ತಟ್ಟೆ ಸರಿಯಾಗಿ ಕೊನೆಯ ಗಿರಾಕಿಯ ಮುಂದಿರುತ್ತದೆ. ದೋಸೆಯ ಅಂಚು ಮುರಿದರೆ ಸಪ್ಪಳವಾಗಬೇಕು, ನಡುವೆ ಮೆತ್ತಗಿರಬೇಕು. ಅಲ್ಲಿ ಎರಡೂ ಇರುತ್ತವೆ. ಶುಕ್ರವಾರ ಬಾಗಿಲು ಮುಚ್ಚಿರುತ್ತದೆ; ಆ ದಿನ ಹೋಗಿ ನಿಂತವರೂ ಸಿಟ್ಟಾಗುವುದಿಲ್ಲ, ತಮ್ಮದೇ ತಪ್ಪೆಂದು ತಿರುಗಿ ಬರುತ್ತಾರೆ. ಹೋಟೆಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ಎಂಟಿಆರ್‌ನದು ಇನ್ನೊಂದು ಬಗೆ. 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಹಚ್ಚಿದ ಒಲೆ ಅದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಎನ್ನುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ಹೋಟೆಲು ತಿಂಡಿಯ ದರ ಕಟ್ಟುನಿಟ್ಟಾಗಿ ಇಳಿಸಿತು. ದರಕ್ಕೆ ತಕ್ಕಂತೆ ತುಪ್ಪ ಇಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ತುಪ್ಪ ಇಳಿಸಲಿಲ್ಲ. ದಿನದಿನಕ್ಕೆ ಎಷ್ಟು ನಷ್ಟವಾಯಿತೆಂದು ಬೋರ್ಡಿನ ಮೇಲೆ ಬರೆದು ಹೊರಗಿಟ್ಟರಂತೆ, ಕಡೆಗೆ ಹೋಟೆಲಿಗೇ ಬೀಗ ಹಾಕಿದರು. ಗಿರಾಕಿಗಳು ಹೋಟೆಲಿಗೆ ಅಂಕ ಕೊಡುವುದನ್ನು ಕೇಳಿದ್ದೇವೆ. ಹೋಟೆಲು ಸರಕಾರಕ್ಕೆ ಕೊಟ್ಟ ಅಂಕ ಅದೊಂದೇ ಇರಬೇಕು.

ಆಮೇಲೆ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕೂಪನ್ ತಗೋ, ತಟ್ಟೆ ಹಿಡಿ, ನಿಂತು ತಿನ್ನು, ಜಾಗ ಬಿಡು. ಊರೆಲ್ಲ ದರ್ಶಿನಿಗಳಾದವು. ನಿಂತು ತಿನ್ನುವವನು ವಿಮರ್ಶೆ ಮಾಡಲಾರ, ಹಿಂದೆ ಇನ್ನೊಬ್ಬ ಕಾಯುತ್ತಿರುತ್ತಾನೆ. ಬೆಂಗಳೂರಿನ ಹೋಟೆಲು ಮಾತು ಬಾಯಿಂದ ಫೋನಿಗೆ ಇಳಿದದ್ದು ಆ ಎತ್ತರದ ಟೇಬಲ್ಲುಗಳಿಂದಲೇ ಎಂದು ನನ್ನ ಗುಮಾನಿ. ಮಗ ಒಪ್ಪುವುದಿಲ್ಲ.

ನಾನು ಹುಡುಕುವುದು ಕಿವಿಯಿಂದ. ಗಾಂಧಿನಗರ, ರಾಜಾಜಿನಗರ, ವಿಜಯನಗರದ ಕಡೆ ನಮ್ಮ ಭಾಗದವರ ಖಾನಾವಳಿಗಳು ಎಷ್ಟೋ ಇವೆ. ಹೆಚ್ಚಿನವಕ್ಕೆ ಬಸವೇಶ್ವರನ ಹೆಸರೇ, ಹಾಗಾಗಿ ಹೆಸರು ಕೇಳಿ ಪ್ರಯೋಜನವಿಲ್ಲ. ಬಾಗಿಲಲ್ಲಿ ನಿಂತು ಕಿವಿಗೊಡಬೇಕು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂದರೆ ಚಪ್ಪಲಿ ಬಿಡಬಹುದು. ಜೋಳಕ್ಕೆ ಗೋದಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿದರೆ ಮಾತ್ರ ಹಿಟ್ಟು ಕೂಡಿ ಬರುತ್ತದೆ. ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ, ತಿರುವಿ, ಉಬ್ಬಿದ್ದನ್ನು ತಟ್ಟೆಗೆ ತಂದರೆ ಅದು ಬಿಸಿರೊಟ್ಟಿ. ಆರಿದರೆ ಚರ್ಮದಂತೆ ಎಳೆಯಬೇಕು. ಪೂರ್ತಿ ಒಣಗಿಸಿ ಖಡಕ್ ಮಾಡಿದರೆ ಅದರ ರುಚಿಯೇ ಬೇರೆ, ಅದು ತಿಂಗಳುಗಟ್ಟಲೆ ಇರುತ್ತದೆ. ಬಿಸಿ, ಖಡಕ್ ಈ ಎರಡರ ನಡುವಿನದು ಬರೀ ದವಡೆಗೆ ದಂಡ. ಪೊಟ್ಟಣದಲ್ಲಿ ಮನೆಗೆ ಬರುವುದೆಲ್ಲ ಈ ನಡುವಿನದೇ. ಅದಕ್ಕೆ ನಾಲ್ಕು ಪಾಯಿಂಟ್ ಮೂರು ಬಂದದ್ದು ಹೇಗೆಂಬುದು ನನಗೆ ತಿಳಿಯದು.

ಕಿವಿಯ ಮಾತು ಬಿಟ್ಟು ಫೋನಿನ ಮಾತು ಕೇಳಿ ಹೋದ ಒಂದು ಜಾಗದಲ್ಲಿ ಬಾಗಿಲಿಗೆ ಚಕ್ಕಡಿಯ ಗಾಲಿ ಒರಗಿಸಿದ್ದರು. ಒಳಗೆ ಕಂದೀಲು, ಗೋಡೆಗೆ ಬಾರುಕೋಲು, ನೀರು ಕೊಡುವ ಹುಡುಗನ ತಲೆಗೆ ರುಮಾಲು. ಆ ಹುಡುಗ ಬಿಹಾರದವನು, ರುಮಾಲು ಪದೇಪದೇ ಕಣ್ಣ ಮೇಲೆ ಇಳಿಯುತ್ತಿತ್ತು ಪಾಪ. ನಮ್ಮ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲೂ ಹಳ್ಳಿಯ ಒಕ್ಕಲುಮಂದಿ, ದನಕರುಗಳೆಲ್ಲ ಶಿಲ್ಪಗಳಾಗಿ ನಿಂತಿವೆ. ಅಲ್ಲಿ ಟಿಕೀಟು ತೆಗೆದು ನೋಡಿ ಬರುತ್ತೇವೆ, ಅವರ ಕೈಯಿಂದ ಯಾರೂ ಊಟ ಕೇಳುವುದಿಲ್ಲ.

ಅಲ್ಲಿಯ ಎಣ್ಣೆಗಾಯಿ ನೋಡಲು ಕೆಂಪಗಿತ್ತು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಉತ್ತರ ಕರ್ನಾಟಕವೆಂದರೆ ಖಾರ ಎಂದು ಬೆಂಗಳೂರು ಎಂದೋ ತೀರ್ಮಾನ ಮಾಡಿಬಿಟ್ಟಿದೆ. ಹಸಿಮೆಣಸಿನಕಾಯಿಯ ಸಂಗತಿ ಬೇರೆ, ಅಲ್ಲಿ ನಾವು ಯಾರಿಗೂ ಬಗ್ಗುವವರಲ್ಲ. ಆದರೆ ನಮ್ಮ ಕೆಂಪು ಬರುವುದು ಬ್ಯಾಡಗಿ ಮೆಣಸಿನಕಾಯಿಯಿಂದ. ಸುಕ್ಕುಗಟ್ಟಿದ ಉದ್ದನೆಯ ಕಾಯಿ, ಬಣ್ಣ ಬಹಳ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದು. ಅದರ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಅಂದಮೇಲೆ ಖಾರದ ಮಾತೆಲ್ಲಿ? ಬ್ಯಾಡಗಿ ತುಟ್ಟಿಯೆಂದು ಬೇರೆ ಖಾರದ ಪುಡಿ ಸುರಿದು ಬಣ್ಣ ಬರಿಸಿದರೆ ಹೀಗೇ ಆಗುತ್ತದೆ. ಪಕ್ಕದ ಟೇಬಲ್ಲಿನವರು ಮೂಗು ಸೀಟಿಕೊಳ್ಳುತ್ತ, “ಅಥೆಂಟಿಕ್ ಆಗಿದೆ” ಎನ್ನುತ್ತಿದ್ದರು.

ಹಾಗೆ ನೋಡಿದರೆ ಊಟದ ತೀರ್ಪು ಕೊಡುವುದರಲ್ಲಿ ನಮ್ಮ ತಾಲ್ಲೂಕು ಯಾರಿಗೂ ಕಡಿಮೆಯಲ್ಲ. ಕನಕದಾಸರ ಊರು ಬಾಡ, ಶಿಗ್ಗಾಂವ ತಾಲ್ಲೂಕಿನದು. ಅವರ ರಾಮಧಾನ್ಯ ಚರಿತೆ ನಡೆಯುವುದೇ ಒಂದು ಊಟದ ತರುವಾಯ. ಲಂಕೆಯಿಂದ ಮರಳುವ ರಾಮನಿಗೆ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ಔತಣ. ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದಾಗ ಗೌತಮ ಮುನಿಗಳು ನರೆದಲೆಗನೆಂಬ ರಾಗಿಯ ಪರ ನಿಲ್ಲುತ್ತಾರೆ, ನೆಲ್ಲಿಗೆ ಸಿಟ್ಟು ಬರುತ್ತದೆ, ಇಬ್ಬರಿಗೂ ತುಂಬಿದ ಸಭೆಯಲ್ಲಿ ಜಗಳ. ರಾಮ ಅಲ್ಲಿಯೇ ನಕ್ಷತ್ರ ಹಂಚಲಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಹೊರಗೆ ಬಂದಾಗ ನೆಲ್ಲು ಸೊರಗಿತ್ತು, ರಾಗಿ ಹೋದಂತೆಯೇ ಬಂದಿತ್ತು. ಜೋಳ ಉಣ್ಣುವ ನಾಡಿನ ಕವಿ ರಾಗಿಯನ್ನು ಗೆಲ್ಲಿಸಿದ್ದಕ್ಕೆ ನನಗೆ ಒಳಗೊಳಗೇ ಸ್ವಲ್ಪ ಅಸಮಾಧಾನವಿದೆ; ಆದರೆ ವಿಚಾರಣೆಯ ಕ್ರಮದಲ್ಲಿ ಹುಳುಕು ತೆಗೆಯುವಂತಿಲ್ಲ.

ಈ ಆರು ತಿಂಗಳ ಕ್ರಮವನ್ನು ನಾನು ಬೆಂಗಳೂರಿನ ಹೊಸ ಹೋಟೆಲುಗಳಿಗೆ ಬಿಡದೆ ಅನ್ವಯಿಸುತ್ತೇನೆ. ಬಾಗಿಲಿಗೆ ಬಲೂನು ಕಟ್ಟಿರುವಾಗ, ರೀಲ್ಸ್ ಹುಡುಗರು ತುಪ್ಪ ಸುರಿಯುವುದನ್ನು ಮೂರು ದಿಕ್ಕಿನಿಂದ ಚಿತ್ರ ತೆಗೆಯುವಾಗ ಅತ್ತ ತಲೆಹಾಕುವುದಿಲ್ಲ. ಮೊದಲು ಬಂದ ಭಟ್ಟರು ಹೆಚ್ಚಿನ ಸಂಬಳಕ್ಕೆ ಬೇರೆ ಕಡೆ ಹೋಗಬೇಕು, ಮಾಲೀಕನ ಬದಲು ಅವನ ಭಾವಮೈದುನ ಗಲ್ಲೆಯ ಮೇಲೆ ಕೂಡಬೇಕು, ಕೊಬ್ಬರಿಯ ಧಾರಣೆ ಒಂದು ಸಲ ಏರಿ ಚಟ್ನಿಯಲ್ಲಿ ಪುಟಾಣಿ ಹೆಚ್ಚಾಗುತ್ತದೋ ಇಲ್ಲವೋ ನೋಡಬೇಕು. ಇಷ್ಟೆಲ್ಲ ಆದಮೇಲೂ ಸಾಂಬಾರು ಮೊದಲಿನಂತೆಯೇ ಇದ್ದರೆ ಅದು ಹೋಟೆಲು. ಎಷ್ಟೋ ಸಲ ನಾನು ಹೋಗುವಷ್ಟರಲ್ಲಿ ಅಲ್ಲಿ ಮೊಬೈಲು ಅಂಗಡಿ ಬಂದಿರುತ್ತದೆ.

ಮಿಶೆಲಿನ್‌ನವರ ಒಂದು ನಿಯಮ ಮಾತ್ರ ನನ್ನಿಂದ ಪಾಲಿಸಲಾಗುವುದಿಲ್ಲ, ಆ ಗುರುತು ಮರೆಸಿಕೊಳ್ಳುವ ನಿಯಮ. ಕಳೆದ ಸಲ ಮಗನನ್ನೂ ಕರೆದುಕೊಂಡು ಸಪ್ಪಳ ಕೇಳಿ ಒಂದು ಖಾನಾವಳಿಗೆ ಹೊಕ್ಕೆ. ತಟ್ಟೆಗೆ ಬಿಸಿರೊಟ್ಟಿ, ಹೆಸರುಕಾಳು ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆಮೊಸರು, ಬದಿಗೆ ಹಸಿ ಮೆಂತೆಸೊಪ್ಪು, ಸೌತಿಕಾಯಿ ಬಂದವು. ನಾನು ಬಾಯಿ ಬಿಟ್ಟದ್ದು ಒಂದೇ ಸಲ: “ಇನ್ನೊಂದ್ ರೊಟ್ಟಿ ತರ‍್ರಿ.” ಬಡಿಸುವವನು ಅಲ್ಲೇ ನಿಂತುಬಿಟ್ಟ.

“ಯಾವೂರ್ರೀ ನಿಮ್ಮದು?”

“ಶಿಗ್ಗಾಂವ.”

“ನಮ್ಮದು ಹಾನಗಲ್ಲರೀ!” ಎಂದವನೇ ಒಳಗೆ ಹೋಗಿ ಒಂದರ ಬದಲು ಎರಡು ರೊಟ್ಟಿ, ಮೇಲೆ ಬೆಣ್ಣೆ, ಬೋರ್ಡಿನಲ್ಲಿ ಇಲ್ಲದ ಅಗಸಿ ಹಿಂಡಿ ತಂದು ಹಾಕಿದ. ನಮ್ಮ ಬೀದಿಯಲ್ಲಿ ಅವನ ಸೋದರತ್ತೆಯ ಮನೆ. ಮಳೆ ಹೇಗೆ, ಗೋವಿನಜೋಳದ ಧಾರಣಿ ಎಷ್ಟು ಎಂಬ ಮಾತು ಮುಗಿಯುವಷ್ಟರಲ್ಲಿ ನಾನು ನಿಷ್ಪಕ್ಷಪಾತಿಯಾಗಿ ಉಳಿದಿರಲಿಲ್ಲ. ಕೈತೊಳೆದು ಹೊರಗೆ ಬಂದಾಗ ಮಗ ಫೋನು ತೆಗೆದ.

“ಅಪ್ಪಾ, ಎಷ್ಟ್ ಸ್ಟಾರ್ ಕೊಡೂಣು?”

“ಮೆಂತೆಸೊಪ್ಪು ಬಾಡಿತ್ತು.”

“ಅದನ್ನ ಬರೀಲೇನು?”

“ಯಾಕ? ಅವಂಗ ಹೇಳಿ ಬಂದೀನಲ್ಲ. ಮುಂಜಾನಿ ಪ್ಯಾಟಿಗೆ ತಾನ ಹೋಗತೇನಿ ಅಂದಾನ.”