ವಿಡಿಯೋ ಆಟಗಳೂ ಸಂಕಲ್ಪಹಿಂಸೆಯೂ

ಶ್ರಾವಕರ ಆಚಾರವನ್ನು ಕುರಿತು ಬರೆದ ನಮ್ಮ ಆಚಾರ್ಯರು ಆಟವಿನೋದಗಳನ್ನು ಅಲ್ಪವಿಷಯವೆಂದು ಕಡೆಗಣಿಸಲಿಲ್ಲ. ಸಪ್ತವ್ಯಸನಗಳಲ್ಲಿ ಮೊದಲು ಬರುವುದೇ ದ್ಯೂತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಪರರ ವಧೆಬಂಧನಗಳನ್ನು ಮನಸ್ಸಿನಲ್ಲಿ ಚಿಂತಿಸುವ ಅಪಧ್ಯಾನವೂ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯೂ ಅವುಗಳಲ್ಲಿ ಸೇರಿವೆ. ಹೀಗಿರುವಾಗ ನಮ್ಮ ಮನೆಯ ಮಕ್ಕಳು ಯಾವ ಆಟವಾಡುತ್ತಾರೆಂಬುದು ಧರ್ಮವಿಚಾರಕ್ಕೆ ಹೊರಗಿನ ಮಾತಾಗಲಾರದು.

ಹೆಸರಘಟ್ಟದ ಸುತ್ತಮುತ್ತ ನೆಲೆಸಿರುವ ನಾವು ಕೆಲವು ಕುಟುಂಬದವರು ತಿಂಗಳಿಗೊಮ್ಮೆ ಸ್ವಾಧ್ಯಾಯಕ್ಕೆ ಸೇರುತ್ತೇವೆ. ಯಲಹಂಕದಲ್ಲಿ ವಿನ್ಯಾಸಕಲೆಯನ್ನು ಓದುತ್ತಿರುವ ನನ್ನ ತಮ್ಮನ ಮಗಳು ಅಲ್ಲಿ ಒಂದು ಸಲಹೆಯನ್ನು ಮುಂದಿಟ್ಟಳು. ಬೇಸಿಗೆಯ ಧರ್ಮಶಿಬಿರದಲ್ಲಿ ಕೆಲವು ಪ್ರಯೋಗಶೀಲ ವಿಡಿಯೋ ಆಟಗಳನ್ನು ಮಕ್ಕಳಿಂದ ಆಡಿಸಿ, ಅವುಗಳ ಕುರಿತು ಚರ್ಚೆ ನಡೆಸಬೇಕೆಂಬುದು ಅವಳ ಅಪೇಕ್ಷೆ. “ಬಸದಿಯ ಅಂಗಳದಲ್ಲಿ ಬಂದೂಕಿನ ಆಟವೇ?” ಎಂದು ಹಿರಿಯರೊಬ್ಬರು ಕೇಳಿದರು. “ಎಲ್ಲವೂ ಬಂದೂಕಿನ ಆಟವಲ್ಲ, ಅಜ್ಜ. ಕೆಲವು ಕಾವ್ಯದಂತಿವೆ” ಎಂದು ಅವಳು ವಿನಯದಿಂದಲೇ ಉತ್ತರಿಸಿದಳು. ಅಭಿಪ್ರಾಯ ಎರಡಾಯಿತು. ಶಿಬಿರ ನಡೆಸುವ ಟ್ರಸ್ಟಿನವರು ಇನ್ನೂ ನಿರ್ಧರಿಸಬೇಕಾಗಿದೆ. ಇಂಥ ಪ್ರಶ್ನೆ ಇತರ ಊರುಗಳ ಟ್ರಸ್ಟುಗಳಿಗೂ ಎದುರಾಗಬಹುದಾದ್ದರಿಂದ ನನ್ನ ವಿಚಾರವನ್ನು ಇಲ್ಲಿ ನಿವೇದಿಸುತ್ತೇನೆ.

ಈ ಭಿನ್ನಾಭಿಪ್ರಾಯ ನಮ್ಮ ಕೂಟಕ್ಕಷ್ಟೇ ಸೀಮಿತವಲ್ಲ. ವಿಡಿಯೋ ಆಟಗಳು ಎಂದಿಗೂ ಕಲೆಯಾಗಲಾರವೆಂದು ಅಮೆರಿಕದ ಪ್ರಸಿದ್ಧ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ಬರೆದರು. ಎರಡೇ ವರ್ಷಗಳಲ್ಲಿ, ಅಂದರೆ 2012ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ಹದಿನಾಲ್ಕು ವಿಡಿಯೋ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಜೇಸನ್ ರೋರರ್ 2007ರಲ್ಲಿ ರಚಿಸಿದ ‘ಪ್ಯಾಸೇಜ್’ ಅವುಗಳಲ್ಲೊಂದು. ತಮ್ಮನ ಮಗಳು ಅದನ್ನು ನನ್ನಿಂದಲೂ ಆಡಿಸಿದಳು. ಐದು ನಿಮಿಷಗಳಲ್ಲಿ ಅದು ಮುಗಿಯುತ್ತದೆ. ತೆರೆಯ ಮೇಲಿನ ಪುಟ್ಟ ಮನುಷ್ಯನು ನಡೆಯುತ್ತಾ ಹೋಗುತ್ತಾನೆ. ದಾರಿಯಲ್ಲಿ ಬಯಸಿದರೆ ಸಂಗಾತಿಯನ್ನು ಕೂಡಿಕೊಳ್ಳಬಹುದು, ಆದರೆ ಇಬ್ಬರಾದ ಮೇಲೆ ಇಕ್ಕಟ್ಟಾದ ಎಡೆಗಳಲ್ಲಿರುವ ಕೆಲವು ನಿಧಿಪೆಟ್ಟಿಗೆಗಳು ಕೈಗೆಟಕವು. ನೋಡನೋಡುತ್ತಿದ್ದಂತೆ ಕೂದಲು ನರೆಯುತ್ತದೆ, ನಡೆ ನಿಧಾನವಾಗುತ್ತದೆ, ಸಂಗಾತಿ ತೀರಿಹೋಗುತ್ತಾಳೆ, ಕೊನೆಗೆ ಅವನೂ ಇಲ್ಲವಾಗುತ್ತಾನೆ. ಎಷ್ಟು ನಿಧಿ ಗಳಿಸಿದ್ದರೂ ಈ ಕೊನೆ ತಪ್ಪದು.

ಇದನ್ನು ಆಡಿದಾಗ ನನಗೆ ನೆನಪಾದುದು ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗ. ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯ ನಡುವಿನಲ್ಲಿಯೇ ತೀರುತ್ತದೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣವೇ ಅವಳಂಥ ಇನ್ನೊಬ್ಬಳನ್ನು ಸೃಷ್ಟಿಸುತ್ತಾನೆ. ಸಭೆಗೆ ತಿಳಿಯದ ಆ ವ್ಯತ್ಯಾಸ ಆದಿದೇವನಿಗೆ ತಿಳಿಯುತ್ತದೆ. ದೇಹ ಮತ್ತು ಭೋಗಗಳ ಅನಿತ್ಯತೆ ಹೊಳೆದು ಅವನಿಗೆ ವೈರಾಗ್ಯ ಮೂಡುತ್ತದೆ. ಅಲ್ಲಿ ಕಂಡದ್ದು ಒಂದು ಕೃತಕ ರೂಪವೇ, ಆದರೆ ಅದರಿಂದ ಹುಟ್ಟಿದ ಅರಿವು ನಿಜವಾದುದು. ಆದ್ದರಿಂದ ವಿನೋದವೆಂಬ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಿಹಾಕುವ ಹಾಗಿಲ್ಲ. ಹೆಸರಘಟ್ಟದ ನಮಗಂತೂ ಕಲೆ ದೂರದ ಮಾತಲ್ಲ. 1990ರಲ್ಲಿ ಆರಂಭವಾದ ನೃತ್ಯಗ್ರಾಮವೂ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯೂ ನಮ್ಮ ನೆರೆಯಲ್ಲಿವೆ. ಸಿನಿಮಾ ನೋಡುವುದೇ ದೋಷವೆಂದಿದ್ದ ಮನೆಗಳಲ್ಲಿಯೂ 2018ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವನ್ನು ದೂರದರ್ಶನದ ತೆರೆಯ ಮೇಲೆ ಕಂಡು ಕೈಮುಗಿದರು.

ಆದರೆ ಹಿರಿಯರ ಆತಂಕಕ್ಕೂ ಬಲವಾದ ಆಧಾರವಿದೆ. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ ಸಹಪಾಠಿಗಳನ್ನು ಕೊಂದರು. ಡ್ಯಾನಿ ಲೆಡೋನ್ ಎಂಬವರು 2005ರಲ್ಲಿ ಅದನ್ನೇ ವಸ್ತುವಾಗಿಟ್ಟುಕೊಂಡು ಒಂದು ಆಟ ರಚಿಸಿದರು. ಆಡುವವನು ಅಲ್ಲಿ ಹಂತಕರ ಪಾತ್ರವನ್ನೇ ವಹಿಸಬೇಕು. ಸಮಾಜವು ಆತ್ಮವಿಮರ್ಶೆ ಮಾಡಿಕೊಳ್ಳಲೆಂಬುದು ತಮ್ಮ ಉದ್ದೇಶವೆಂದು ಅವರು ಹೇಳಿಕೊಂಡರು. 2007ರ ಸ್ಲಾಮ್‌ಡ್ಯಾನ್ಸ್ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾಗಿದ್ದ ಆ ಆಟವನ್ನು ವ್ಯವಸ್ಥಾಪಕರು ಕೈಬಿಟ್ಟರು. ಇದನ್ನು ಪ್ರತಿಭಟಿಸಿ ಬೇರೆ ಹಲವು ರಚನಕಾರರು ತಮ್ಮ ಆಟಗಳನ್ನು ಹಿಂತೆಗೆದುಕೊಂಡರು. ಅಲ್ಲಿ ನಡೆದ ವಾದ ಕಲೆಯ ಸ್ವಾತಂತ್ರ್ಯವನ್ನು ಕುರಿತದ್ದು. ನಮ್ಮ ಪ್ರಶ್ನೆ ಬೇರೆ. ತೆರೆಯ ಮೇಲಿನ ಕೊಲೆಯಲ್ಲಿ ಜೀವಹಾನಿ ಇಲ್ಲದಿದ್ದರೂ ಕೊಲ್ಲುವ ಸಂಕಲ್ಪವಿದೆಯೇ?

ಈ ಪ್ರಶ್ನೆಯನ್ನು ಜನ್ನಕವಿ 1209ರಲ್ಲಿಯೇ ‘ಯಶೋಧರ ಚರಿತೆ’ಯಲ್ಲಿ ಎತ್ತಿದ್ದಾನೆ. ಪ್ರಾಣಿಬಲಿಯನ್ನು ಒಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿಯ ಏಟಿಗೆ ಆ ಕೋಳಿ ಕೂಗುತ್ತದೆ. ಅಷ್ಟಕ್ಕೇ ತಾಯಿ ಮತ್ತು ಮಗ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಹಿಟ್ಟಿನಲ್ಲಿ ಪ್ರಾಣವಿರಲಿಲ್ಲ, ಹೊಡೆದವನ ಮನಸ್ಸಿನಲ್ಲಿ ವಧೆ ಇತ್ತು. ನಮ್ಮ ಶಾಸ್ತ್ರಗಳು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ ಹೇಳುತ್ತವೆ. ಇದೇ ಕಥೆಯನ್ನು ಆಧರಿಸಿದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವನ್ನು ನೋಡುವವನು ಹೆಚ್ಚೆಂದರೆ ಅನುಮೋದಿಸಿಯಾನು. ವಿಡಿಯೋ ಆಟ ಆಡುವವನಾದರೋ ತನ್ನ ಬೆರಳಿನಿಂದಲೇ ಆ ಕಾರ್ಯ ನಡೆಸುತ್ತಾನೆ. ಕಾವ್ಯನಾಟಕಗಳಿಗಿರುವ ರಿಯಾಯಿತಿ ಆಟಕ್ಕೆ ತಾನಾಗಿ ದೊರೆಯದು.

ಈ ಮಾತಿಗೆ ತಮ್ಮನ ಮಗಳು ಕೊಟ್ಟ ಉತ್ತರ ಗಮನಾರ್ಹವಾದುದು. “ದೊಡ್ಡಪ್ಪ, ಯಶೋಧರ ಫಲವನ್ನು ಬಯಸಿ ಹೊಡೆದ. ದುಃಸ್ವಪ್ನದ ಕೇಡು ನೀಗಲೆಂದು ಹೊಡೆದ. ಆಟದಲ್ಲಿ ಕೊಂದವನಿಗೆ ಯಾವ ಫಲ ಸಿಗುತ್ತದೆ ಎಂದು ನೋಡಬೇಕಲ್ಲವೇ?” ಎಂದಳು. ನನ್ನ ತಿಳಿವಿನಲ್ಲಿ ವಿವಾದದ ಕೀಲು ಇರುವುದು ಇಲ್ಲಿ. ಸಾಮಾನ್ಯವಾದ ಯುದ್ಧದ ಆಟಗಳಲ್ಲಿ ಕೊಂದಷ್ಟೂ ಅಂಕ ಏರುತ್ತದೆ. ಮಗು ವಧೆಗೆ ಬಹುಮಾನ ಪಡೆಯುವುದನ್ನು ದಿನವೂ ಅಭ್ಯಾಸ ಮಾಡುತ್ತದೆ. ಇದು ಹಿಟ್ಟಿನ ಕೋಳಿಯ ಬಲಿಯೇ ಸರಿ. ಟೋಬಿ ಫಾಕ್ಸ್ 2015ರಲ್ಲಿ ಹೊರತಂದ ‘ಅಂಡರ್‌ಟೇಲ್’ ಈ ಲೆಕ್ಕವನ್ನೇ ತಿರುವಿಹಾಕುತ್ತದೆ. ಅಲ್ಲಿ ಎದುರಾದ ಯಾರನ್ನೂ ಕೊಲ್ಲದೆ, ದಯೆ ತೋರಿಯೇ ಆಟವನ್ನು ಮುಗಿಸಬಹುದು. ಕೊಂದರೆ ಇಎಕ್ಸ್‌ಪಿ ಎಂಬ ಅಂಕ ಏರುತ್ತದೆ. ಆಡುವವರು ಅದನ್ನು ಅನುಭವದ ಗಳಿಕೆಯೆಂದು ನಂಬಿರುತ್ತಾರೆ. ಅದು ಮಾಡಿದ ಹತ್ಯೆಗಳ ಲೆಕ್ಕವೆಂದು ಕೊನೆಯ ಭಾಗದಲ್ಲಿ ತಿಳಿದುಬರುತ್ತದೆ. ಎಲ್ಲರನ್ನೂ ಕೊಂದು ಮುಗಿಸಿದವನು ಮತ್ತೆ ಮೊದಲಿನಿಂದ ಆಡಿದರೂ ಅದರ ಗುರುತು ಅಳಿಯದು. ಕರ್ಮಬಂಧವನ್ನು ಮಕ್ಕಳಿಗೆ ತಿಳಿಸಲು ಉಪನ್ಯಾಸಕ್ಕಿಂತ ಇದು ಹತ್ತಿರದ ದಾರಿಯಾದೀತು.

ಆಟದ ಮೂಲಕ ತತ್ತ್ವ ಕಲಿಸುವುದು ನಮ್ಮಲ್ಲಿ ಹೊಸತೂ ಅಲ್ಲ. ಪಶ್ಚಿಮ ಭಾರತದ ಜೈನರಲ್ಲಿ ಪ್ರಚಲಿತವಾಗಿದ್ದ ಜ್ಞಾನಬಾಜಿಯ ಪಟದಲ್ಲಿ ಸಾಮಾನ್ಯವಾಗಿ 84 ಮನೆಗಳು. ಹಾವು ಇಳಿಸುತ್ತದೆ, ಏಣಿ ಏರಿಸುತ್ತದೆ, ಗುರಿ ಮೋಕ್ಷ. ಆದರೆ ಅಲ್ಲಿ ಕಾಯಿ ನಡೆಯುವುದು ದಾಳ ಬಿದ್ದಂತೆ. ಆಡುವವನ ಸಂಕಲ್ಪಕ್ಕೆ ಅಲ್ಲಿ ಎಡೆಯಿಲ್ಲ. ಇಂದಿನ ಆಟದಲ್ಲಿ ಆಯ್ಕೆ ಮಗುವಿನದೇ. ಅದರಿಂದ ಕಲಿಕೆಯೂ ಹೆಚ್ಚು, ಅಪಾಯವೂ ಹೆಚ್ಚು.

ಹಣ ಕಟ್ಟಿ ಆಡುವ ಆಟಗಳ ವಿಷಯದಲ್ಲಿ ನಮ್ಮ ಕೂಟದಲ್ಲಿ ಎರಡು ಮಾತಿರಲಿಲ್ಲ. ಅದು ದ್ಯೂತವೇ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಉಳಿದವುಗಳ ವಿಷಯದಲ್ಲಿ ಟ್ರಸ್ಟಿನವರಿಗೆ ನನ್ನ ಬಿನ್ನಹ ಇಷ್ಟು. ಕೊಲ್ಲದೆ ಮುಂದೆ ಸಾಗಲಾಗದ ಆಟ, ಅದು ಎಷ್ಟೇ ಕಲಾತ್ಮಕವೆನಿಸಿದರೂ, ಶಿಬಿರಕ್ಕೆ ಬೇಡ. ಅನಿತ್ಯತೆಯನ್ನೋ ದಯೆಯನ್ನೋ ಅನುಭವಕ್ಕೆ ತರುವ ಒಂದೆರಡನ್ನು ಹಿರಿಯರು ಮೊದಲು ತಾವೇ ಆಡಿ ನೋಡಿ ಆರಿಸಲಿ. ದೊಡ್ಡ ಮಕ್ಕಳಿಗೆ ಮಾತ್ರ ಅವನ್ನು ಕೊಡಲಿ. ಆಟ ಮುಗಿದ ಮೇಲೆ ಕೆಲಕಾಲ ಮೌನ, ಅನಂತರ ಚರ್ಚೆ ಇರಲಿ. ಬಂದೂಕಿನ ಮಾತೆತ್ತಿದ ಹಿರಿಯರಿಗೆ ಇದೂ ಪೂರ್ಣ ಸಮ್ಮತವಲ್ಲ. ಬಸದಿಯ ಸನ್ನಿಧಿಯಲ್ಲಿ ತೆರೆಯೇ ಬೇಡವೆಂಬ ಅವರ ನಿಲುವನ್ನು ನಾನು ಗೌರವಿಸುತ್ತೇನೆ. ಶಿಬಿರ ಬಸದಿಯ ಹೊರಗೆ ನಡೆಯಲೆಂದು ಕೋರುತ್ತೇನೆ.

ಶಿಬಿರ ಮುಗಿದ ಮೇಲೂ ಮಕ್ಕಳು ಮನೆಯಲ್ಲಿ ಆಡುತ್ತಲೇ ಇರುತ್ತಾರೆ. ಎಷ್ಟು ಅಂಕ ಬಂತೆಂದು ಕೇಳುವ ತಂದೆತಾಯಂದಿರು, ಏನು ಮಾಡಿದ್ದಕ್ಕೆ ಆ ಅಂಕ ಬಂತೆಂದೂ ಕೇಳಲಿ.