ಮೀನಿನ ಮನೆಗೆ ಹಾಕಿದ ದೀಪ

ಬ್ಯಾಸಗಿ ಸೂಟಿಯಲ್ಲಿ ನಾನು ನವನಗರದ ನಮ್ಮ ಸೋದರಮಾವನ ಮನೆಗೆ ಹೋಗಿದ್ದೆ. ನವನಗರ ಇರುವುದು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ. ಮಾವನ ಪಡಸಾಲೆಯಲ್ಲಿ ಒಂದೂವರೆ ಫೂಟು ಉದ್ದದ ಗಾಜಿನ ಪೆಟ್ಟಿಗೆ ಇದೆ. ಅದರಲ್ಲಿ ನಾಲ್ಕು ಗೋಲ್ಡ್ ಫಿಶ್ ಇದ್ದವು.

ಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಸಣ್ಣ ಟ್ಯೂಬ್‌ಲೈಟ್ ಇತ್ತು. ಮಾವ ಅದನ್ನು ನಡುವೆ ಇಡದೆ ನಾವು ನಿಂತು ನೋಡುವ ಕಡೆಯ ಅಂಚಿಗೆ ಇಟ್ಟಿದ್ದರು. "ಹಿಂಗ್ಯಾಕ್ರಿ ಮಾವಾ?" ಎಂದು ಕೇಳಿದೆ. "ಹಿಂದಕ್ಕ ಸರಿಸಿ ನೋಡಲೇ ತಮ್ಮಾ, ನಿನಗ ತಿಳೀತದ" ಅಂದರು. ಸರಿಸಿದೆ. ಮೀನಿನ ಬಂಗಾರದ ಬಣ್ಣ ಹೋಗಿ ಬರೀ ಕರೇ ನೆರಳು ಓಡಾಡಿದಂತೆ ಕಂಡಿತು. ಬೆಳಕು ಮೀನಿನ ಬೆನ್ನ ಹಿಂದೆ ಬಿದ್ದರೆ ನಮಗೆ ಕಾಣುವ ಮೈ ಕತ್ತಲಾಗುತ್ತದೆ. ಮುಂದಿನಿಂದ ಬಿದ್ದರೆ ಹುರುಪೆಗೆ ತಾಗಿ ನಮ್ಮ ಕಣ್ಣಿಗೆ ಮರಳಿ ಬರುತ್ತದೆ. ಪುಸ್ತಕದಲ್ಲಿ ಓದಿದ ಬೆಳಕಿನ ಪಾಠ ಅವತ್ತು ನನಗೆ ತಿಳಿಯಿತು.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಮರುದಿನ ಸಂಜೆ ಕಪಾಟಿನಲ್ಲಿದ್ದ ಹಳೆಯ 100 ವ್ಯಾಟಿನ ಬಲ್ಬು ತೆಗೆದು, ಮುಚ್ಚಳ ಸರಿಸಿ, ನೀರಿನಿಂದ ನಾಲ್ಕು ಬೆರಳು ಮೇಲೆ ತೂಗುಬಿಟ್ಟೆ. ಟ್ಯೂಬಿನ ಬೆಳಕು ಎಲ್ಲಾ ಕಡೆ ಸಮ ಬೀಳುತ್ತಿತ್ತು. ಬಲ್ಬಿನದು ಒಂದೇ ಕಡೆಯಿಂದ ಬಂದು, ಅಲೆಯ ಗೆರೆಗಳು ತಳದ ಉಸುಕಿನ ಮೇಲೆ ಕುಣಿದವು. ಮಾವನ ಸಣ್ಣ ಮಗಳು ಚಪ್ಪಾಳೆ ಹೊಡೆದಳು. ಮಲಗುವ ಹೊತ್ತಿಗೆ "ಅಣ್ಣಾ, ಕತ್ತಲದಾಗ ಮೀನಿಗೆ ಅಂಜಿಕಿ ಬರತದ, ದೀಪಾ ಇರಲಿ" ಅಂದಳು. ನಾನು ಹಾಗೇ ಬಿಟ್ಟೆ. ಶಕೆ ಎಂದು ಎಲ್ಲರೂ ಮಾಳಿಗೆ ಮೇಲೆ ಮಲಗಿದೆವು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನೇ ಕೆಳಗೆ ಬಂದೆ. ಮೂರು ಮೀನು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಒಂದು ಮಗ್ಗುಲಾಗಿ ತೇಲುತ್ತಿತ್ತು. ಬೆರಳು ಅದ್ದಿದರೆ ನೀರು ಉಗುರುಬೆಚ್ಚಗಿತ್ತು. ನಾನು ಲಗೂನ ಬಲ್ಬು ಬಿಚ್ಚಿ ಕಪಾಟಿನಲ್ಲಿಟ್ಟು, ಟ್ಯೂಬು ಮೊದಲಿನ ಜಾಗದಲ್ಲಿ ಇಟ್ಟೆ. ಅತ್ತಿ ಬಂದು ನೋಡಿ, "ನೀರು ಬದಲಿ ಮಾಡೂದು ತಡಾ ಆತು, ನಂದ ತಪ್ಪು" ಅಂದರು. ಸಣ್ಣಾಕಿ ಅತ್ತಳು. ನಾನು ಸುಮ್ಮನೆ ನಿಂತೆ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಗುರುಗಳನ್ನು ಕೇಳಿದೆ. ಹಳೆಯ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಕಾವೇ ಆಗುತ್ತದಂತೆ, ಬೆಳಕು ಆಗುವುದು ಸ್ವಲ್ಪ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಆ ಪೆಟ್ಟಿಗೆಗೆ ಗಾಳಿ ಊದುವ ಪಂಪು ಬೇರೆ ಇರಲಿಲ್ಲ. ಗೋಲ್ಡ್ ಫಿಶ್ ತಂಪು ನೀರಿನ ಮೀನು. ಅದಕ್ಕೆ ಕಣ್ಣಿನ ರೆಪ್ಪೆ ಇಲ್ಲ, ದೀಪ ಉರಿಯುತ್ತಿದ್ದರೆ ಕಣ್ಣು ಮುಚ್ಚಲೂ ಬರುವುದಿಲ್ಲ. ಅಂದರೆ ಅದಕ್ಕೂ ಕತ್ತಲು ಬೇಕು. ಇಡೀ ದಿನ ದೀಪವಿದ್ದರೆ ಗಾಜಿಗೆ ಹಸಿರು ಪಾಚಿ ಹತ್ತುವುದು ಬೇರೆ. ನೀರಿನ ಮೇಲೆ ಬಲ್ಬು ತೂಗುಬಿಟ್ಟದ್ದು ನನ್ನ ಜೀವಕ್ಕೂ ಅಪಾಯವಿತ್ತು ಎಂದು ಗುರುಗಳು ಬೈದರು.

ಗೆಳೆಯರೇ, ಈ ಲೇಖನ ಗೋಡೆಗೆ ಹಚ್ಚುವ ಮೊದಲು ಅತ್ತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ನಿಮ್ಮ ಮಾವ ಕಾವು ಕಡಿಮಿ ಇರೋ ಎಲ್.ಇ.ಡಿ. ಪಟ್ಟಿ ಹಾಕ್ಯಾರ. ರಾತ್ರಿ ಹತ್ತಕ್ಕ ಆರಸ್ತೀವಿ. ನೀ ಮುಂದಿನ ಸೂಟಿಗೆ ಬಾ, ಸಣ್ಣಾಕಿಗೆ ನೀನ ಹೇಳು" ಅಂದರು.

ಆ ದೀಪ ಹಚ್ಚಿದ್ದು ಮೀನಿನ ಸಲುವಾಗಿ ಅಲ್ಲ, ನಮ್ಮ ಕಣ್ಣಿನ ಸಲುವಾಗಿ. ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.