ಕನ್ನಡಿ ಕ್ಯಾಬಿನೆಟ್: ಕ್ರೋಮ್ ಯಾಕೆ ಮಾಡಿಸಲಿಲ್ಲ?

1/7
ಹೋದ ವಾರ ಫೋಟೋ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಮಗಾ, ಕ್ಯಾಬಿನೆಟ್ ಸೂಪರ್, ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ಆದ್ರೆ ಸ್ವಲ್ಪ ಹಳದಿ ಹೊಡೀತಿದೆಯಲ್ಲ, ಕ್ರೋಮ್ ಯಾಕೆ ಮಾಡಿಸಿಲ್ಲ?" ದುಡ್ಡು ಸಾಲಲಿಲ್ವಾ ಅಂತಲೂ ಇಬ್ಬರು ಕೇಳಿದ್ರು. ದುಡ್ಡಿನ ವಿಷಯ ಅಲ್ಲ. ಎರಡು ಸಾಲಲ್ಲಿ ಮುಗಿಯೋ ಉತ್ತರವೂ ಅಲ್ಲ. ಅದಕ್ಕೇ ಏಳು ಭಾಗ ಮಾಡಿ ಬರೀತಿದ್ದೀನಿ. ನಮ್ಮ ಮೆಕ್ಯಾನಿಕಲ್ ಕ್ಲಾಸಿನವರು ಕೊನೆಯ ಎರಡು ಭಾಗವನ್ನಾದರೂ ಓದಿ, ಅದು ನಿಮಗೇ ಬರೆದಿದ್ದು.

ಮೊದಲು ವಸ್ತು ಯಾವುದು ಅಂತ ತಿಳ್ಕೊಳ್ಳಿ. ಎಸ್‌ಪಿ ರೋಡಲ್ಲಿ ಸಿಗೋ ಹಳೇ ಕ್ಯಾಬಿನೆಟ್ಟುಗಳು ಬಹುಪಾಲು ತೆಳು ಉಕ್ಕಿನ ಶೀಟು, ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪ. ತುಕ್ಕು ಹಿಡೀಬಾರದು ಅಂತ ಅದರ ಮೇಲೆ ಸತುವಿನ ಲೇಪ, ಅದರ ಮೇಲೆ ಬಣ್ಣ. ದುಬಾರಿ ಕ್ಯಾಬಿನೆಟ್ ಅಲ್ಯೂಮಿನಿಯಂದು ಇರಬಹುದು. ಆಯಸ್ಕಾಂತ ಇಟ್ಟು ನೋಡಿ, ಅಂಟಿಕೊಂಡರೆ ಉಕ್ಕು. ಅಲ್ಯೂಮಿನಿಯಂ ಆದ್ರೆ ಪ್ಲೇಟಿಂಗೇ ಬೇಡ, ಚೆನ್ನಾಗಿ ಪಾಲಿಷ್ ಮಾಡಿದ್ರೆ ಅದೇ ಕನ್ನಡಿ. ನಂದು ಉಕ್ಕು. ಉಕ್ಕನ್ನ ಬರೀ ಪಾಲಿಷ್ ಮಾಡಿ ಬಿಟ್ರೆ ಒಂದು ಮಳೆಗಾಲಕ್ಕೇ ಕೆಂಪಗಾಗತ್ತೆ.

2/7
ಎಲ್ಲರಿಗೂ ಇರೋ ಒಂದು ತಪ್ಪು ಕಲ್ಪನೆ: ಪ್ಲೇಟಿಂಗ್ ಮಾಡಿಸಿದ್ರೆ ಗೀರುಗಳು ಮುಚ್ಚಿಹೋಗ್ತವೆ ಅಂತ. ಬಣ್ಣ ಮುಚ್ಚತ್ತೆ, ಪ್ಲೇಟಿಂಗ್ ಮುಚ್ಚಲ್ಲ. ಕೆಳಗೆ ಏನಿದೆಯೋ ಅದನ್ನೇ ಮಿಂಚಿಸಿ ತೋರಿಸತ್ತೆ. ಕಣ್ಣಿಗೆ ಕಾಣೋ ಬೆಳಕಿನ ಅಲೆಯ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್. ಗೀರುಗಳು ಅದಕ್ಕಿಂತ ತುಂಬಾ ಸಣ್ಣದಾಗೋ ತನಕ ಬೆಳಕು ಚೆದುರುತ್ತಲೇ ಇರತ್ತೆ, ಮುಖ ಮಸುಕಾಗೇ ಕಾಣತ್ತೆ. ಕನ್ನಡಿ ಅಂದ್ರೆ ಇಷ್ಟೇ, ಗೀರೇ ಇಲ್ಲ ಅಂತಲ್ಲ, ಬೆಳಕಿಗೆ ಸಿಗದಷ್ಟು ಸಣ್ಣ ಗೀರು.

ಹಾಗಾಗಿ ಮುಕ್ಕಾಲು ಕೆಲಸ ಉಜ್ಜೋದೇ. ರಿವೆಟ್ಟುಗಳನ್ನ ಡ್ರಿಲ್ ಮಾಡಿ ತೆಗೆದು ಪ್ಯಾನೆಲ್ ಬೇರೆ ಬೇರೆ ಮಾಡಿ. ಬಣ್ಣ ತೆಗೀರಿ. ಆಮೇಲೆ 240, 400, 600, 800, 1000, 1500, 2000 ನಂಬರಿನ ವಾಟರ್ ಪೇಪರ್, ನೀರು ಹಾಕಿ. ಪ್ರತಿ ನಂಬರಿಗೂ ಉಜ್ಜೋ ದಿಕ್ಕು ಬದಲಾಯಿಸಿ. ಒಂದು ಸಲ ಅಡ್ಡ, ಮುಂದಿನದು ಉದ್ದ. ಹಿಂದಿನ ನಂಬರಿನ ಗೆರೆ ಪೂರ್ತಿ ಮಾಯ ಆಗೋವರೆಗೆ ಮುಂದಕ್ಕೆ ಹೋಗಬೇಡಿ. 400ರ ಗೆರೆ ಉಳಿಸ್ಕೊಂಡು 2000ಕ್ಕೆ ಹಾರಿದ್ರೆ ಆ ಗೆರೆ ಕೊನೇವರೆಗೂ ನಿಮ್ಮ ಜೊತೆಗೇ ಬರತ್ತೆ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ, ಲೈಟಿನ ಪ್ರತಿಬಿಂಬ ನೇರ ಗೆರೆಯಾಗಿ ಕಂಡ್ರೆ ಸರಿ, ಅಲೆ ಅಲೆಯಾಗಿ ಕಂಡ್ರೆ ಶೀಟು ಡೊಂಕಾಗಿದೆ.

3/7
ಆಮೇಲೆ ಬಫಿಂಗ್. ಮೊದಲು ಗಟ್ಟಿ ಚಕ್ರ, ಒರಟು ಸೋಪು. ಆಮೇಲೆ ಮೆತ್ತನೆ ಹತ್ತಿಬಟ್ಟೆ ಚಕ್ರ, ನಯವಾದ ಸೋಪು. ಇದನ್ನ ನಾನು ಮನೇಲಿ ಮಾಡಲಿಲ್ಲ, ಪೀಣ್ಯ ಕಡೆಯ ಒಂದು ಸಣ್ಣ ಶೆಡ್ಡಲ್ಲಿ ಮಾಡಿಸಿದೆ. ಕಾರಣ, ತೆಳು ಶೀಟಿನ ಅಂಚು ಚಕ್ರಕ್ಕೆ ಎದುರಾಗಿ ಸಿಕ್ಕಿದ್ರೆ ಚಕ್ರ ಅದನ್ನ ಕಿತ್ಕೊಂಡು ಎಸೆಯತ್ತೆ, ಕತ್ತಿ ಎಸೆದ ಹಾಗೆ. ಅಲ್ಲಿ ಬಫಿಂಗ್ ಮಾಡೋ ಅಣ್ಣ ರಾಯಚೂರು ಕಡೆಯವರು. ಚಕ್ರ ಅಂಚಿನಿಂದ ಹೊರಕ್ಕೆ ಹೋಗೋ ಹಾಗೆ ಮಾತ್ರ ಹಿಡೀತಾರೆ, ಒಂದೇ ಕಡೆ ಎರಡು ಕ್ಷಣಕ್ಕಿಂತ ಹೆಚ್ಚು ಒತ್ತಲ್ಲ. ಒತ್ತಿದ್ರೆ ಬಿಸಿಗೆ ಶೀಟು ಉಬ್ಬತ್ತೆ. ಇನ್ನೊಂದು ಮಾತು ಹೇಳಿದ್ರು: ಅಲ್ಯೂಮಿನಿಯಂ ಧೂಳು ಕೂತಿರೋ ಕಡೆ ಉಕ್ಕು ಉಜ್ಜಬಾರದು, ಕಿಡಿ ಬಿದ್ರೆ ಬೆಂಕಿ.

ಪಾಲಿಷ್ ಆದ ಮೇಲೆ ತೊಳೆಯೋದು. ಹಬ್ಬದ ಹಿಂದಿನ ದಿನ ಅಮ್ಮ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಲ್ವಾ, ಅದೇ ಕೆಮಿಸ್ಟ್ರಿ. ಹುಳಿ ಮೇಲಿನ ಕಿಲುಬನ್ನ ತಿನ್ನತ್ತೆ. ಶೆಡ್ಡಲ್ಲಿ ಹುಣಸೆಹಣ್ಣಿನ ಜಾಗದಲ್ಲಿ ಆಸಿಡ್, ಅದಕ್ಕೂ ಮುಂಚೆ ಎಣ್ಣೆ ತೆಗೆಯೋ ಕ್ಷಾರದ ತೊಟ್ಟಿ. ಎಣ್ಣೆ ಹೋಗಿದೆಯಾ ಅಂತ ನೋಡೋಕೆ ಮೆಷೀನ್ ಬೇಡ. ನೀರಲ್ಲಿ ಅದ್ದಿ ಎತ್ತಿ. ನೀರು ಒಂದೇ ಪದರವಾಗಿ ಹರಡಿ ನಿಂತ್ರೆ ಶುದ್ಧ. ತಾವರೆ ಎಲೆ ಮೇಲಿನ ಥರ ಹನಿ ಹನಿ ಆದ್ರೆ ಇನ್ನೂ ಜಿಡ್ಡಿದೆ. ಒಂದು ಬೆರಳಚ್ಚು ಸಾಕು, ಅಲ್ಲಿಂದಲೇ ಪ್ಲೇಟಿಂಗ್ ಸಿಪ್ಪೆ ಏಳತ್ತೆ.

4/7
"ಮನೇಲೇ ಪ್ಲೇಟಿಂಗ್ ಮಾಡಬಹುದಾ?" ಲೆಕ್ಕ ಹಾಕೋಣ ಬನ್ನಿ, ಪಿಯುಸಿಯಲ್ಲಿ ಬೈಕೊಂಡು ಓದಿದ ಫ್ಯಾರಡೆ ನಿಯಮ ಇಲ್ಲಿ ಕೆಲಸಕ್ಕೆ ಬರತ್ತೆ. 1 ಆಂಪಿಯರ್ ಕರೆಂಟ್ 1 ಗಂಟೆ ಹರಿದ್ರೆ ಹೆಚ್ಚೆಂದರೆ ಸುಮಾರು 1.1 ಗ್ರಾಂ ನಿಕಲ್ ಕೂರತ್ತೆ. 10 ಸೆಂಟಿಮೀಟರ್ ಚೌಕದ ಮೇಲೆ 10 ಮೈಕ್ರಾನ್ ದಪ್ಪಕ್ಕೆ ಬೇಕಾಗೋದು 0.89 ಗ್ರಾಂ. ಅಷ್ಟು ಜಾಗಕ್ಕೆ 4 ಆಂಪಿಯರ್ ಕೊಟ್ರೆ 12-13 ನಿಮಿಷದ ಕೆಲಸ. ಸುಲಭ ಅನ್ಸತ್ತೆ. ಈಗ ಸೈಡ್ ಪ್ಯಾನೆಲ್ ತಗೊಳ್ಳಿ: 40 ಇಂಟು 45 ಸೆಂಟಿಮೀಟರ್, ಎರಡೂ ಮುಖ ಸೇರಿದ್ರೆ ಅಂಥ 36 ಚೌಕ. 36 ಇಂಟು 4, ಅಂದ್ರೆ 144 ಆಂಪಿಯರ್! ನಿಮ್ಮ ಚಾರ್ಜರಲ್ಲಿ ಆಗೋ ಮಾತಲ್ಲ. ಜೊತೆಗೆ ಪ್ಯಾನೆಲ್ ಮುಳುಗೋಷ್ಟು ದೊಡ್ಡ ತೊಟ್ಟಿ, 50-60 ಡಿಗ್ರಿ ಬಿಸಿ ದ್ರಾವಣ.

ಉಪ್ಪುನೀರು, ಸ್ಟೀಲ್ ಚಮಚ, ಬ್ಯಾಟರಿ ಇಟ್ಟು ತೋರಿಸೋ ವಿಡಿಯೋಗಳನ್ನ ದಯವಿಟ್ಟು ನಕಲು ಮಾಡಬೇಡಿ. ಉಪ್ಪುನೀರಿಂದ ಕ್ಲೋರಿನ್ ಅನಿಲ ಬರತ್ತೆ. ಸ್ಟೇನ್‌ಲೆಸ್ ಸ್ಟೀಲಲ್ಲಿ ಕ್ರೋಮಿಯಂ ಇದೆ, ಅದನ್ನ ಧನ ತುದಿಗೆ ಕಟ್ಟಿದ್ರೆ ನೀರು ಹಳದಿಯಾಗಬಹುದು. ಆ ಹಳದಿ ಏನು ಅಂತ ಮುಂದಿನ ಭಾಗದಲ್ಲಿ.

5/7
ನಾವು ಬೈಕಿನ ಸೈಲೆನ್ಸರ್ ನೋಡಿ "ಕ್ರೋಮ್" ಅಂತೀವಲ್ಲ, ಅದರಲ್ಲಿ ಕ್ರೋಮಿಯಂ ಇರೋದು ಅರ್ಧ ಮೈಕ್ರಾನಿನಷ್ಟು, ಎಷ್ಟೋ ಸಲ ಇನ್ನೂ ಕಡಿಮೆ. ಅದರ ಕೆಳಗೆ ಹತ್ತಿಪ್ಪತ್ತು ಮೈಕ್ರಾನ್ ನಿಕಲ್, ಕೆಲವು ಸಲ ಅದಕ್ಕೂ ಕೆಳಗೆ ತಾಮ್ರ. ಕನ್ನಡಿಯ ನುಣುಪು ಕೊಡೋದು ಕೆಳಗಿನ ಪಾಲಿಷ್ ಮತ್ತು ನಿಕಲ್. ಕ್ರೋಮ್ ಕೊಡೋದು ಆ ನೀಲಿ ಬಿಳುಪು, ಗಟ್ಟಿತನ, ಮತ್ತು ಮಾಸದೇ ಇರೋ ಗುಣ. ನನ್ನ ಕ್ಯಾಬಿನೆಟ್ ನಿಕಲ್‌ಗೇ ನಿಂತಿದೆ. ನೀವು ನೋಡ್ತಿರೋ ಹಳದಿ ಛಾಯೆ ನಿಕಲ್ಲಿನ ಸ್ವಂತ ಬಣ್ಣ.

ಕ್ರೋಮ್ ಹಾಕೋ ಹಳೇ ವಿಧಾನದಲ್ಲಿ ತೊಟ್ಟೀಲಿ ಇರೋದು ಷಡ್ವೇಲೆನ್ಸಿ ಕ್ರೋಮಿಯಂ, ಶೆಡ್ ಭಾಷೇಲಿ "ಹೆಕ್ಸಾ". ಕರೆಂಟ್ ಹರಿಯುವಾಗ ತೊಟ್ಟಿಯಿಂದ ಗುಳ್ಳೆ ಎದ್ದು ಒಡೆದು ಸಣ್ಣ ಮಂಜು ಹಾರತ್ತೆ. ವರ್ಷಗಟ್ಟಲೆ ಅದನ್ನ ಉಸಿರಾಡಿದವರಿಗೆ ಮೂಗಿನ ಹೊಳ್ಳೆಗಳ ನಡುವಿನ ಗೋಡೆ ತೂತಾಗಬಹುದು. ಚರ್ಮದಲ್ಲಿ ಮಾಯದ ಹುಣ್ಣು. ಶ್ವಾಸಕೋಶದ ಕ್ಯಾನ್ಸರ್ ತರತ್ತೆ ಅನ್ನೋದು ಅನುಮಾನವಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ ಇದು ಮೊದಲ ಗುಂಪಿನಲ್ಲೇ ಇದೆ. ಕುಡಿಯೋ ನೀರಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದು ಅಂತ ನಮ್ಮ ದೇಶದ ಮಾನದಂಡ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರೋದನ್ನ ಸರ್ಕಾರಿ ಅಧ್ಯಯನಗಳೇ ದಾಖಲಿಸಿವೆ.

6/7
ಶೆಡ್ಡಲ್ಲಿ ನನ್ನ ಪ್ಯಾನೆಲ್ ನಿಕಲ್ ತೊಟ್ಟಿಯಿಂದ ಮೇಲೆ ಬಂದಾಗ ಬಫಿಂಗ್ ಅಣ್ಣನೇ ಕೇಳಿದ್ರು, "ಕ್ರೋಮಿಗೆ ಬಿಡೋಣೇನ್ರಿ?" ಕ್ರೋಮ್ ತೊಟ್ಟಿ ಹತ್ತಿರ ಇದ್ದ ಹುಡುಗ ನಮ್ಮದೇ ವಯಸ್ಸಿನವನು. ಮುಖಕ್ಕೆ ಕರ್ಚೀಫ್ ಕಟ್ಟಿದ್ದ. ಗಾಳಿ ಎಳೆಯೋ ಫ್ಯಾನ್ ನಿಂತಿತ್ತು. ಬೇಡ ಅಂದೆ. ನನ್ನ ಕ್ಯಾಬಿನೆಟ್ ಟೇಬಲ್ ಮೇಲೆ ಕೂರೋದು, ಅದಕ್ಕೆ ಮಳೆ ಬೀಳಲ್ಲ, ಕೆಸರು ಹಾರಲ್ಲ. ಸ್ವಲ್ಪ ಬಿಳುಪಿಗೋಸ್ಕರ ಆ ತೊಟ್ಟಿ ಬೇಕಾಗಿರಲಿಲ್ಲ.

ಅಣ್ಣ ನಕ್ಕರು. "ನೀವು ಒಬ್ಬರು ಬ್ಯಾಡ ಅಂದ್ರ ತೊಟ್ಟಿ ನಿಲ್ಲಂಗಿಲ್ರಿ. ಕೆಲಸ ಕೊಡ್ರಿ, ಇಲ್ಲಾಂದ್ರ ನಾವು ಉಣ್ಣೋದೇನ್ರಿ? ಆದ್ರ ಬಂದಾಗೊಮ್ಮೆ ಫ್ಯಾನ್ ಯಾಕ ನಿಂತೈತಿ ಅಂತ ಕೇಳ್ರಿ. ನಾವ್ ಕೇಳಿದ್ರ ಬೈತಾರ, ಗಿರಾಕಿ ಕೇಳಿದ್ರ ಹಚ್ಚತಾರ." ಕೇಳಿದೆ. ಹಾಕಿದ್ರು. ನಾನು ಹೊರಟ ಮೇಲೆ ಏನಾಯ್ತೋ.

ನಾನು ಪುಣ್ಯದ ಕೆಲಸ ಮಾಡಿದೆ ಅಂತ ಹೇಳ್ತಿಲ್ಲ. ನಿಕಲ್ ಲವಣಗಳೂ ಸಾಧು ಅಲ್ಲ, ಆ ಮಂಜೂ ಉಸಿರಿಗೆ ಕೆಟ್ಟದ್ದೇ. ಬೆಲ್ಟಿನ ಬಕಲ್ ತಾಗಿ ಹೊಟ್ಟೆ ಹತ್ತಿರ ಕಜ್ಜಿ ಏಳೋದು ಎಷ್ಟೋ ಜನರಿಗೆ ಇದೇ ನಿಕಲ್ಲಿಂದ. ಅಂಥವರು ಈ ಕೆಲಸಕ್ಕೇ ಕೈ ಹಾಕಬೇಡಿ.

7/7
ಈಗ ಕ್ಲಾಸಿನವರಿಗೆ. ನಮ್ಮಲ್ಲೇ ಇಬ್ಬರು ಮುಂದಿನ ತಿಂಗಳು ಪ್ಲೇಟಿಂಗ್ ಲೈನಿಗೆ ಸೇರ್ತಿದ್ದೀರಿ. ಬೇಡ ಅನ್ನೋಕೆ ನಾನ್ಯಾರು? ಮನೆ ಪರಿಸ್ಥಿತಿ ಎಲ್ಲರದೂ ಗೊತ್ತು. ಆದ್ರೆ ಸಹಿ ಹಾಕೋ ಮುಂಚೆ ನಾಲ್ಕು ವಿಷಯ ನೋಡ್ಕೊಳ್ಳಿ.

ಒಂದು, ತೊಟ್ಟಿ ಅಂಚಿನಲ್ಲೇ ಗಾಳಿ ಎಳೆಯೋ ವ್ಯವಸ್ಥೆ ಇದೆಯಾ, ಓಡ್ತಿದೆಯಾ? ಎರಡು, ಮಂಜು ಏಳದ ಹಾಗೆ ದ್ರಾವಣಕ್ಕೆ ಔಷಧಿ ಹಾಕ್ತಾರಾ? ಮೂರು, ಮೂಗು, ಚರ್ಮದ ತಪಾಸಣೆ ಆಗಾಗ ಮಾಡಿಸ್ತಾರಾ? ನಾಲ್ಕು, ತೊಳೆದ ನೀರು ಎಲ್ಲಿಗೆ ಹೋಗತ್ತೆ? ಇದನ್ನ ಕಣ್ಣಲ್ಲೇ ಅಂದಾಜು ಮಾಡಬಹುದು. ಹೆಕ್ಸಾ ನೀರು ಹಳದಿ. ಅದಕ್ಕೆ ಆಸಿಡ್ ಜೊತೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದ್ರೆ ಹಸಿರಾಗತ್ತೆ, ಅಂದ್ರೆ ಕಡಿಮೆ ವಿಷದ ಟ್ರೈವೇಲೆಂಟ್ ಕ್ರೋಮಿಯಂ ಆಯ್ತು. ಆಮೇಲೆ ಸುಣ್ಣ ಹಾಕಿ ಕೆಳಗೆ ಕೂರಿಸ್ತಾರೆ. ಚರಂಡಿಗೆ ಹಳದಿ ನೀರು ಹೋಗ್ತಿದ್ರೆ ಆ ಕಂಪನಿ ನಿಮ್ಮ ಮೂಗಿನ ಬಗ್ಗೆಯೂ ತಲೆ ಕೆಡಿಸ್ಕೊಳ್ಳಲ್ಲ ಅಂತ ತಿಳೀರಿ. ಶುರುವಿನಿಂದಲೇ ಟ್ರೈವೇಲೆಂಟ್ ಕ್ರೋಮಲ್ಲಿ ಪ್ಲೇಟಿಂಗ್ ಮಾಡೋ ಕಡೆ ಕೆಲಸ ಸಿಕ್ಕಿದ್ರೆ ಅಲ್ಲಿಗೆ ಹೋಗಿ. ಫಳಫಳ ಹೊಳಪು ಅದರಲ್ಲೂ ಬರತ್ತೆ.

ಉಳಿದವರಿಗೆ, ಹೊಳೆಯೋದು ಬೇಕೇ ಬೇಕಾ? ಅಲ್ಯೂಮಿನಿಯಂ ಪ್ಯಾನೆಲ್ ಹುಡುಕಿ, ಮಾಸ್ಕ್ ಹಾಕ್ಕೊಂಡು ನೀರು ಹಾಕಿ ಕೈಯಲ್ಲೇ ಉಜ್ಜಿ. ತೋಳು ನೋಯತ್ತೆ, ಅಷ್ಟೇ. ಶೆಡ್ಡಿಗೆ ಕೊಡೋದಾದ್ರೆ ರೇಟ್ ಕೇಳೋ ಮುಂಚೆ ಫ್ಯಾನ್ ಕೇಳಿ.

ಕಾಮೆಂಟಲ್ಲಿ ಬರೀರಿ: ನಿಮ್ಮ ಕ್ಯಾಬಿನೆಟ್ಟಿಗೆ ಆಯಸ್ಕಾಂತ ಅಂಟಿತಾ? ಯಾರ್ಯಾರದು ಅಲ್ಯೂಮಿನಿಯಮ್ಮೋ ಅವರಿಗೆ ಭಾನುವಾರ ವಾಟರ್ ಪೇಪರ್ ನಾನೇ ತರ್ತೀನಿ.

#ಕನ್ನಡಿಕ್ಯಾಬಿನೆಟ್ #ಫ್ಯಾನ್ಹಾಕಿ